ಗಲ್ಲೆಯ ಮೇಲೆ ಕ್ಯೂಟ್ 6: ಒತ್ತಿದ ಕೀಲಿ ಎಲ್ಲಿಗೆ ಹೋಯಿತು?

ಡೆಸ್ಕ್‌ಟಾಪ್ ತಂತ್ರಾಂಶ ಕಟ್ಟುವ ಚೌಕಟ್ಟುಗಳನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಅವುಗಳ ಮೈಬಣ್ಣದ ಬಗ್ಗೆಯೇ ಬರೆಯುತ್ತಾರೆ. ಗುಂಡಿಯ ಅಂಚು ದುಂಡಗಿದೆಯೇ, ರಾತ್ರಿಯ ಹೊತ್ತು ಪರದೆ ಕಪ್ಪಾಗುತ್ತದೆಯೇ, ಕಿಟಕಿ ತೆರೆಯುವಾಗ ನುಣ್ಣಗೆ ಜಾರುತ್ತದೆಯೇ. ನನ್ನ ಗಿರಾಕಿಗಳಿಗೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನಾನು ಬಿಲ್ಲಿಂಗ್ ತಂತ್ರಾಂಶ ಬರೆದುಕೊಡುವುದು ಮುಂಬಯಿಯ ಮಾಟುಂಗ ಪೂರ್ವದ ಉಡುಪಿ ಹೋಟೆಲುಗಳಿಗೆ, ಜೊತೆಗೆ ಆ ಸುತ್ತಿನ ದಿನಸಿ ಅಂಗಡಿಗಳಿಗೆ. ಮಧ್ಯಾಹ್ನ ಒಂದು ಗಂಟೆಗೆ ಗಲ್ಲೆಯಲ್ಲಿ ಕುಳಿತವರ ಕಣ್ಣು ಗಿರಾಕಿಯ ಮೇಲಿರುತ್ತದೆ, ಎಡಗೈ ನೋಟು ಎಣಿಸುತ್ತಿರುತ್ತದೆ, ಬಲಗೈ ನಂಬರ್ ಪ್ಯಾಡಿನ ಮೇಲೆ ತನ್ನಷ್ಟಕ್ಕೆ ಓಡುತ್ತಿರುತ್ತದೆ. ಮೌಸ್ ಎಂಬುದು ಕಾಫಿ ಲೋಟದ ಹಿಂದೆ ಎಲ್ಲೋ ಬಿದ್ದಿರುತ್ತದೆ. ಇಂಥ ಕಡೆ ಒಂದು ಚೌಕಟ್ಟನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ಒತ್ತಿದ ಕೀಲಿ ಎಲ್ಲಿಗೆ ಹೋಯಿತು?

ನಾನು ಈ ಪ್ರಶ್ನೆಯಿಂದ ಅಳೆಯುತ್ತಿರುವ ಚೌಕಟ್ಟು ಕ್ಯೂಟ್ (Qt). ಅದು ಹೊಸ ಸರಕೇನಲ್ಲ. ನಾರ್ವೆಯ ಟ್ರೋಲ್‌ಟೆಕ್ 1995ರಲ್ಲಿ ಹೊರತಂದದ್ದು. 2008ರಲ್ಲಿ ನೋಕಿಯಾ ಕೈಗೆ, 2012ರಲ್ಲಿ ಫಿನ್‌ಲೆಂಡಿನ ಡಿಜಿಯಾ ಕೈಗೆ ಹೋಗಿ, ಈಗ ಕ್ಯೂಟ್ ಕಂಪನಿ ಎಂಬ ಹೆಸರಿನಲ್ಲೇ ನಡೆಯುತ್ತಿದೆ. ಆರನೆಯ ಆವೃತ್ತಿ ಬಂದದ್ದು 2020ರ ಡಿಸೆಂಬರ್‌ನಲ್ಲಿ. ಲಿನಕ್ಸ್‌ನ ಕೆಡಿಇ ಎಂಬ ಡೆಸ್ಕ್‌ಟಾಪ್ ಪರಿಸರ ಇಡೀ ನಿಂತಿರುವುದು ಇದರ ಮೇಲೆ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯಬಹುದು, ಪೈಸೈಡ್ 6 ಹಾಕಿಕೊಂಡರೆ ಪೈಥಾನ್‌ನಲ್ಲೂ ಬರೆಯಬಹುದು. ನಾನು ಹೇಳುತ್ತಿರುವುದು ಅದರ ವಿಜೆಟ್ ಭಾಗದ ಬಗ್ಗೆ, ಅಂದರೆ ಗುಂಡಿ, ಬರೆಯುವ ಪೆಟ್ಟಿಗೆಯಂಥ ತುಣುಕುಗಳ ಬಗ್ಗೆ ಮಾತ್ರ. ಅದರ ಇನ್ನೊಂದು ಭಾಗವಾದ ಕ್ಯೂಎಂಎಲ್ ಗೊಡವೆಗೆ ಹೋಗುವುದಿಲ್ಲ. ಗಲ್ಲೆಗೆ ಅದು ಬೇಕಾಗಿಯೂ ಇಲ್ಲ.

ಇದಕ್ಕೆ ಮೊದಲು ಈ ಹೋಟೆಲುಗಳಲ್ಲಿ ಏನಿತ್ತು ಎಂದು ಹೇಳದಿದ್ದರೆ ನನ್ನ ಅಳತೆಗೋಲು ಅರ್ಥವಾಗುವುದಿಲ್ಲ. ಮೊದಲು ಡಾಸ್ ತಂತ್ರಾಂಶ. ಆ ಕಾಲದ ಪಿಸಿಯ ಬಯಾಸ್ ಎಂಬ ಮೂಲ ತಂತ್ರಾಂಶ, ಒತ್ತಿದ ಹದಿನೈದು ಕೀಲಿಗಳನ್ನು ನೆನಪಿಟ್ಟುಕೊಳ್ಳುತ್ತಿತ್ತು. ಹದಿನಾರನೆಯದಕ್ಕೆ ಕಿರ್ ಎಂದು ಗದರುತ್ತಿತ್ತು. ಪರದೆ ಹಿಂದೆ ಬಿದ್ದರೂ ಬೆರಳು ಮುಂದೆ ಹೋಗಬಹುದಿತ್ತು. ಆಮೇಲೆ ಯಾರೋ ಬ್ರೌಸರಿನಲ್ಲಿ ಓಡುವ ಬಿಲ್ಲಿಂಗ್ ಮಾರಿ ಹೋದರು. ಡಾಸ್ ಕಾಲದಿಂದಲೂ ಎಫ್5 ಎಂದರೆ ಪಾರ್ಸೆಲ್ ಎಂದು ಬೆರಳು ಕಲಿತಿತ್ತು. ಬ್ರೌಸರಿಗೆ ಎಫ್5 ಎಂದರೆ ಪುಟವನ್ನೇ ಮತ್ತೆ ತೆರೆಯುವುದು. ಅರ್ಧ ಬರೆದ ಬಿಲ್ಲು ಗಿರಾಕಿಯ ಎದುರೇ ಮಾಯವಾಗುತ್ತಿತ್ತು. ನಲವತ್ತು ವರ್ಷದಿಂದ ಗಲ್ಲೆಯಲ್ಲಿ ಕೂರುವ ಹಿರಿಯರೊಬ್ಬರು ನನಗೆ ಹೇಳಿದ್ದು ಇಷ್ಟೇ: “ತಂಗಿ, ಮೊದಲು ನಾನು ಮುಂದೆ, ಯಂತ್ರ ಹಿಂದೆ. ಈಗ ನಾನು ಅದರ ಮುಖ ನೋಡಿಕೊಂಡು ಕೂರಬೇಕು. ಇದೆಂಥ ಸುಧಾರಣೆ?” ನನಗೆ ಆ ಅಣ್ಣನ ಮಾತೇ ಕರಾರುಪತ್ರ.

ಕ್ಯೂಟ್‌ನ ದೊಡ್ಡ ಗುಣವೆಂದರೆ, ಕೀಲಿ ಹೋಗುವ ದಾರಿ ಗೊತ್ತಿರುವ ದಾರಿ. ಕೀಲಿ ಒತ್ತಿದ ಕೂಡಲೇ ಕ್ಯೂಟ್, ಫೋಕಸ್ ಇರುವ (ಅಂದರೆ ಆ ಹೊತ್ತಿಗೆ ಕೀಲಿಗಳನ್ನು ಪಡೆಯುತ್ತಿರುವ) ವಿಜೆಟ್ಟಿಗೆ ‘ಶಾರ್ಟ್‌ಕಟ್ ಓವರ್‌ರೈಡ್’ ಎಂಬ ಇವೆಂಟ್, ಅಂದರೆ ಒಂದು ಸಂದೇಶ, ಕಳಿಸಿ, ಇದು ನಿನಗೆ ಬೇಕೇ ಎಂದು ವಿಚಾರಿಸುತ್ತದೆ. ವಿಜೆಟ್ ಬೇಕು ಎಂದರೆ ಆ ಕೀಲಿಯನ್ನು ಶಾರ್ಟ್‌ಕಟ್ ಎಂದು ಪರಿಗಣಿಸುವುದಿಲ್ಲ. ಬೇಡವೆಂದರೆ ಶಾರ್ಟ್‌ಕಟ್ ಪಟ್ಟಿಯಲ್ಲಿ ಹುಡುಕುತ್ತದೆ. ಅಲ್ಲಿಯೂ ಸಿಗದಿದ್ದರೆ ಸಾಮಾನ್ಯ ಕೀಲಿಯಾಗಿ ಫೋಕಸ್ ಇರುವ ವಿಜೆಟ್ಟಿನ ‘ಕೀಪ್ರೆಸ್ ಇವೆಂಟ್’ ಫಂಕ್ಷನ್ನಿಗೆ ಬರುತ್ತದೆ. ಅದು ಒಲ್ಲೆ ಎಂದರೆ ಅದರ ತಾಯಿ ವಿಜೆಟ್ಟಿಗೆ, ಅಲ್ಲಿಂದ ಇನ್ನೂ ಮೇಲಕ್ಕೆ, ಕೊನೆಗೆ ಕಿಟಕಿಯವರೆಗೆ. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಇವೆಂಟ್ ಫಿಲ್ಟರ್ ಇಟ್ಟು ಕೀಲಿಯನ್ನು ತಡೆಯಬಹುದು. ಇಡೀ ಅಪ್ಲಿಕೇಶನ್ನಿಗೆ ಒಂದೇ ಫಿಲ್ಟರ್ ಹಾಕಿದರೆ ಎಲ್ಲಕ್ಕಿಂತ ಮೊದಲು ಅದಕ್ಕೇ ದರ್ಶನ.

ಓದಲು ಒಣ ವಿಷಯ. ಗಲ್ಲೆಯಲ್ಲಿ ಇದರ ರುಚಿ ಬೇರೆ. ನಂಬರ್ ಪ್ಯಾಡಿನ ಪ್ಲಸ್ ಕೀಲಿ ಒತ್ತಿದರೆ ಮುಂದಿನ ತಿಂಡಿಗೆ ಹೋಗಬೇಕು ಎಂಬುದು ಎಲ್ಲ ಹೋಟೆಲುಗಳ ಬೇಡಿಕೆ. ಪ್ಲಸ್‌ಗೆ ಶಾರ್ಟ್‌ಕಟ್ ಬರೆದರಾಯಿತು ಎಂದುಕೊಂಡರೆ ಅದು ಕೆಲಸ ಮಾಡುವುದಿಲ್ಲ. ತಿಂಡಿಯ ಸಂಖ್ಯೆ 24 ಎಂದು ಬರೆದು ಪ್ಲಸ್ ಒತ್ತಿದರೆ ಪೆಟ್ಟಿಗೆಯಲ್ಲಿ 24+ ಎಂದು ಮೂಡುತ್ತದೆ. ಏಕೆಂದರೆ ಕ್ಯೂಟ್‌ನ ಲೈನ್ ಎಡಿಟ್, ಅಂದರೆ ಒಂದು ಸಾಲಿನ ಬರೆಯುವ ಪೆಟ್ಟಿಗೆ, ಅಚ್ಚಾಗುವ ಅಕ್ಷರಗಳನ್ನೆಲ್ಲ ಓವರ್‌ರೈಡ್ ಹಂತದಲ್ಲೇ ನನ್ನದು ಎಂದು ಎತ್ತಿಕೊಳ್ಳುತ್ತದೆ. ಅದರ ಮಟ್ಟಿಗೆ ಅದೇ ಸರಿ. ಇಲ್ಲವಾದರೆ ಎಸ್ ಎಂಬ ಅಕ್ಷರಕ್ಕೆ ಯಾರಾದರೂ ಶಾರ್ಟ್‌ಕಟ್ ಕೊಟ್ಟ ದಿನ ಆ ಅಕ್ಷರವಿರುವ ಹೆಸರನ್ನೇ ಬರೆಯಲಾಗದು. ಆ ಪೆಟ್ಟಿಗೆಗೆ ಮಾತ್ರ ಒಂದು ಫಿಲ್ಟರ್ ಕಟ್ಟಿ, ಕೀಪ್ಯಾಡ್ ಗುರುತಿರುವ ಪ್ಲಸ್ ಬಂದರೆ ಹಿಡಿದುಕೊಂಡು ಮುಂದಿನ ಸಾಲಿಗೆ ನೆಗೆಯುವಂತೆ ಮಾಡಿದರೆ ಆರು ಸಾಲಿನ ಕೋಡ್. ಬೇರೆ ಚೌಕಟ್ಟುಗಳಲ್ಲಿ ಇಂಥದ್ದಕ್ಕೆ ಕಳ್ಳದಾರಿ ಹುಡುಕಬೇಕು. ಇಲ್ಲಿ ಬಾಗಿಲು ಮೊದಲೇ ಇಟ್ಟಿದ್ದಾರೆ.

ಈಗ ನನಗೆ ಅತ್ಯಂತ ಪ್ರಿಯವಾದ ಸಂಗತಿಗೆ ಬರುತ್ತೇನೆ. ಪೂರ್ಣ ಕೀಬೋರ್ಡಿನಲ್ಲಿ ಎಂಟರ್ ಎರಡಿವೆ, ಅಕ್ಷರಗಳ ಬಲಕ್ಕೆ ದೊಡ್ಡದೊಂದು, ನಂಬರ್ ಪ್ಯಾಡಿನ ಮೂಲೆಯಲ್ಲಿ ಉದ್ದನೆಯದೊಂದು. ವಿಂಡೋಸ್‌ಗೆ ಎರಡೂ ಒಂದೇ ವರ್ಚುವಲ್ ಕೀಲಿ. ವ್ಯತ್ಯಾಸ ತಿಳಿಯಬೇಕಾದರೆ ಸಂದೇಶದ ಜೊತೆ ಬರುವ ಸಂಖ್ಯೆಯ 24ನೇ ಬಿಟ್ ಕೆದಕಿ ನೋಡಬೇಕು. ಕ್ಯೂಟ್ ಆ ಕೆದಕುವ ಕೆಲಸವನ್ನು ತಾನೇ ಮಾಡಿ, ದೊಡ್ಡದಕ್ಕೆ ‘ಕೀ ರಿಟರ್ನ್’, ಪ್ಯಾಡಿನದಕ್ಕೆ ‘ಕೀ ಎಂಟರ್’ ಎಂದು ಎರಡು ಹೆಸರು ಕೊಟ್ಟಿದೆ, ಲಿನಕ್ಸ್‌ನಲ್ಲೂ ಅದೇ ಹೆಸರುಗಳು. ಹೀಗಾಗಿ ನನ್ನ ಬಿಲ್ಲಿಂಗ್‌ನಲ್ಲಿ ಪ್ಯಾಡಿನ ಎಂಟರ್ ಒಂದು ಸಾಲು ಸೇರಿಸುತ್ತದೆ, ದೊಡ್ಡ ಎಂಟರ್ ಬಿಲ್ಲು ಮುಗಿಸುತ್ತದೆ. 24, ಎಂಟರ್, 2, ಎಂಟರ್: ಎರಡು ಸಾದಾ ದೋಸೆ. ಕೈಯನ್ನು ಪ್ಯಾಡಿನಿಂದ ಎತ್ತಿ ಎಡಕ್ಕೆ ತಂದು ಕುಟ್ಟಿದರೆ ಮಾತ್ರ ಕಾಗದ ಹೊರಬರುತ್ತದೆ. ಅರ್ಧ ಬಿಲ್ಲು ಅಚ್ಚಾಗುವ ರೋಗ ಇದರಿಂದಲೇ ವಾಸಿಯಾಯಿತು.

ಆದರೆ ಇದೇ ಎಂಟರ್ ಸುತ್ತ ಕ್ಯೂಟ್‌ನ ಒಂದು ಹಟವೂ ಇದೆ. ಡೈಲಾಗ್ ಕಿಟಕಿ ಎಂದರೆ ಏನಾದರೂ ಕೇಳಲು ಮೇಲೆದ್ದು ಬರುವ ಪುಟ್ಟ ಕಿಟಕಿ. ಅದರೊಳಗಿನ ಪ್ರತಿ ಗುಂಡಿಯೂ ಹುಟ್ಟುವಾಗಲೇ ‘ಆಟೋ ಡಿಫಾಲ್ಟ್’ ಆಗಿರುತ್ತದೆ, ಅಂದರೆ ಎಂಟರ್ ಬಂದರೆ ತಾನೇ ಒತ್ತಿಸಿಕೊಳ್ಳಲು ಸಿದ್ಧವಾಗಿರುತ್ತದೆ. ಲೈನ್ ಎಡಿಟ್ ಎಂಟರ್ ಸಿಕ್ಕಿತೆಂದು ಸಂಕೇತ ಕೊಟ್ಟ ಮೇಲೂ ಆ ಕೀಲಿಯನ್ನು ನುಂಗಿಕೊಳ್ಳದೆ ಮೇಲಕ್ಕೆ ಬಿಡುತ್ತದೆ. ಮೇಲೆ ಕಾದಿರುವ ಡೈಲಾಗ್ ತನ್ನ ಡಿಫಾಲ್ಟ್ ಗುಂಡಿಯನ್ನು ಒತ್ತಿಬಿಡುತ್ತದೆ. ಒಂದು ಎಂಟರ್‌ಗೆ ಎರಡು ಕೆಲಸ. ದಿನಸಿ ಅಂಗಡಿಯಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಇಟ್ಟವರಿಗೆ ಇದು ಬಲೆ, ಏಕೆಂದರೆ ಯುಎಸ್‌ಬಿ ಸ್ಕ್ಯಾನರ್ ಎಂದರೆ ಕಂಪ್ಯೂಟರಿನ ಕಣ್ಣಿಗೆ ಇನ್ನೊಂದು ಕೀಬೋರ್ಡು. 890ರಿಂದ ಶುರುವಾಗುವ ಹದಿಮೂರು ಅಂಕಿ ಬಡಿದು ಕೊನೆಗೆ ಒಂದು ಎಂಟರ್ ಬಡಿಯುತ್ತದೆ. ಡೈಲಾಗಿನಲ್ಲಿ ಸ್ಕ್ಯಾನ್ ಮಾಡಿದರೆ ಸಾಮಾನು ಸೇರುವುದರ ಜೊತೆಗೆ ಕಿಟಕಿಯೂ ಮುಚ್ಚುತ್ತದೆ. ಎಲ್ಲ ಗುಂಡಿಗಳ ಆಟೋ ಡಿಫಾಲ್ಟ್ ಕಿತ್ತು, ಡಿಫಾಲ್ಟ್ ಗುಂಡಿಯನ್ನೇ ಇಡದಿದ್ದರೆ ಸಮಸ್ಯೆ ಇಲ್ಲ. ಕ್ಯೂಟ್‌ನ ಹುಟ್ಟುಗುಣಗಳೆಲ್ಲ ಕಚೇರಿಯಲ್ಲಿ ಕುಳಿತು ನಿಧಾನಕ್ಕೆ ಅರ್ಜಿ ತುಂಬುವವರಿಗೆ ಹೊಂದುವಂಥವು. ಗಲ್ಲೆಗೆ ತರುವ ಮೊದಲು ಒಂದೊಂದನ್ನೂ ತಿರುಗಿಸಬೇಕು.

ಕೀಲಿ ಒತ್ತಿ ಹಿಡಿದಾಗ ಮರುಕಳಿಸುವ ಗುಣವೂ ಅಂಥದ್ದೇ. ಶಾರ್ಟ್‌ಕಟ್ಟಿಗೆ ಆಟೋ ರಿಪೀಟ್ ಹುಟ್ಟಿನಿಂದಲೇ ಚಾಲೂ. ಎಫ್12 ಬಿಲ್ಲು ಅಚ್ಚಿಗೆ ಎಂದಿಟ್ಟು, ಗಿರಾಕಿಯ ಜೊತೆ ಮಾತಾಡುತ್ತ ಬೆರಳು ಅಲ್ಲೇ ಇಟ್ಟವರ ಥರ್ಮಲ್ ಪ್ರಿಂಟರ್ ಹನುಮಂತನ ಬಾಲ ಬೆಳೆಸುತ್ತದೆ. ಶಾರ್ಟ್‌ಕಟ್ಟಿನಲ್ಲಿ ಅದನ್ನು ನಿಲ್ಲಿಸಲು ಒಂದು ಸಾಲು, ಕೀಪ್ರೆಸ್‌ನಲ್ಲಾದರೆ ‘ಈಸ್ ಆಟೋ ರಿಪೀಟ್’ ಕೇಳಿ ಹಿಂತಿರುಗಲು ಇನ್ನೊಂದು ಸಾಲು. ಬ್ಯಾಕ್‌ಸ್ಪೇಸ್ ಮತ್ತು ಬಾಣದ ಕೀಲಿಗಳಿಗೆ ಮಾತ್ರ ಮರುಕಳಿಸಲು ಬಿಡಿ.

ನಮ್‌ಲಾಕ್ ಕಥೆ ಹೇಳಲೇಬೇಕು, ಏಕೆಂದರೆ ಮೇಜು ಒರೆಸುವ ಹುಡುಗನ ಬಟ್ಟೆ ತಗುಲಿ ಅದು ಆರಿಹೋಗುವುದು ಹೋಟೆಲಿನಲ್ಲಿ ನಿತ್ಯದ ಸಂಗತಿ. ಆರಿದಾಗ ಪ್ಯಾಡಿನ 7 ಎಂಬುದು ಹೋಮ್ ಆಗುತ್ತದೆ, 1 ಎಂಡ್ ಆಗುತ್ತದೆ, ನಡುವಿನ 5 ‘ಕ್ಲಿಯರ್’ ಎಂಬ ವಿಚಿತ್ರ ಹೆಸರಿನಲ್ಲಿ ಬರುತ್ತದೆ. ಕ್ಯೂಟ್ ಇಲ್ಲಿ ಮಾಡಿರುವ ಉಪಕಾರವೆಂದರೆ, ಹೆಸರು ಬದಲಾದರೂ ಇದು ಪ್ಯಾಡಿನಿಂದ ಬಂದದ್ದು ಎಂಬ ಗುರುತನ್ನು ಇವೆಂಟಿನ ಮೇಲೆ ಉಳಿಸುತ್ತದೆ. ಪ್ಯಾಡಿನ ಹೋಮ್ ಬಂದರೆ 7 ಎಂದೇ ತಿಳಿದುಕೊ ಎಂದು ಹತ್ತು ಕೀಲಿಯ ಪಟ್ಟಿ ಬರೆದೆ. ಈಗ ಆ ಹಸಿರು ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ಅಣ್ಣ ನೋಡುವುದೂ ಇಲ್ಲ. ಇದೇ ಕೆಲಸವನ್ನು ಬ್ರೌಸರಿನವರು ಮಾಡಿಕೊಟ್ಟಿರಲಿಲ್ಲ, ಕೇಳಿದರೆ ದೀಪ ನೋಡಿಕೊಳ್ಳಿ ಎಂದಿದ್ದರಂತೆ.

ಮೊದಲು ನಾನು ಮುಂದೆ ಎಂದಿದ್ದರಲ್ಲ ಅಣ್ಣ, ಆ ಮುಂದೋಡುವ ಬೆರಳಿನ ವಿಚಾರ. ಪ್ರಮಾಣ ಕೇಳಲು ಒಂದು ಪುಟ್ಟ ಡೈಲಾಗ್ ತೆರೆದರೆ ಎಷ್ಟು ಚೆಂದ ಎಂದು ಎಲ್ಲರಿಗೂ ಅನಿಸುತ್ತದೆ. ಆದರೆ ಹೊಸ ಕಿಟಕಿಗೆ ಫೋಕಸ್ ಕೊಡುವುದು ಕ್ಯೂಟ್ ಕೈಯಲ್ಲಿಲ್ಲ. ಲಿನಕ್ಸ್‌ನಲ್ಲಂತೂ ಅದು ಕಿಟಕಿ ನಿರ್ವಾಹಕನ ಕೆಲಸ, ಕ್ಯೂಟ್ ಕೋರಿಕೆ ಸಲ್ಲಿಸಿ ಕಾಯುತ್ತದೆ. ಆ ಕಣ್ಣೆವೆ ಹೊತ್ತಿನಲ್ಲಿ ಒತ್ತಿದ ಕೀಲಿಗಳು ಹಳೆಯ ಕಿಟಕಿಯ ಹೆಸರಿಗೆ ಬರುತ್ತವೆ, ಮುಂದೆ ಮೋಡಲ್ ಡೈಲಾಗ್ (ತಾನು ಮುಚ್ಚುವವರೆಗೆ ಹಿಂದಿನ ಕಿಟಕಿಯನ್ನು ತಡೆದು ನಿಲ್ಲಿಸುವಂಥದ್ದು) ನಿಂತಿರುವುದರಿಂದ ಹಳೆಯ ಕಿಟಕಿ ಅವನ್ನು ತೆಗೆದುಕೊಳ್ಳುವಂತಿಲ್ಲ. 12 ಒತ್ತಿದವರಿಗೆ 2 ಸಿಗುತ್ತದೆ. ಹಾಗಾಗಿ ನನ್ನ ಗಲ್ಲೆಗಳಲ್ಲಿ ಡೈಲಾಗ್ ಎಂಬುದೇ ಇಲ್ಲ. ಒಂದೇ ಕಿಟಕಿ, ಒಳಗೆ ಒಂದರ ಮೇಲೊಂದು ಪೇರಿಸಿದ ಪುಟಗಳು. ಪುಟ ಬದಲಿಸಿ ಫೋಕಸ್ ಕೊಟ್ಟರೆ ಅದು ಆ ಕ್ಷಣವೇ ಆಗಿಹೋಗುತ್ತದೆ; ಸಾಲಿನಲ್ಲಿ ಕಾದಿರುವ ಕೀಲಿಗಳು ಒಂದರ ಹಿಂದೊಂದರಂತೆ ಹೊಸ ಪೆಟ್ಟಿಗೆಗೆ ಬೀಳುತ್ತವೆ. ಡಾಸ್ ಕಾಲದ ಹದಿನೈದರ ಮಿತಿಯೂ ಇಲ್ಲ, ಕಿರ್ ಎನ್ನುವ ಗದರಿಕೆಯೂ ಇಲ್ಲ.

ಟ್ಯಾಬ್ ಬಗ್ಗೆ ಒಂದು ಮಾತು. ಅದು ಕೀಪ್ರೆಸ್ ಇವೆಂಟ್‌ವರೆಗೆ ಬರುವುದೇ ಇಲ್ಲ. ಅದಕ್ಕೂ ಮೊದಲೇ ಸಾಮಾನ್ಯ ಇವೆಂಟ್ ಫಂಕ್ಷನ್ ಹಿಡಿದು ಫೋಕಸ್ ಸರಿಸಿಬಿಡುತ್ತದೆ. ಟ್ಯಾಬ್‌ಗೆ ಬೇರೆ ಅರ್ಥ ಬೇಕಿದ್ದರೆ ಅಲ್ಲಿಯೇ ಕಾದು ಕೂರಬೇಕು.

ಕನ್ನಡದ ವಿಚಾರದಲ್ಲಿ ನನಗೆ ಕ್ಯೂಟ್ ಮೇಲೆ ಗೌರವ ಹೆಚ್ಚಿತು. ಬಿಲ್ಲು ಇಂಗ್ಲಿಷಿನಲ್ಲೇ ಇರಲಿ, ಅಡುಗೆಮನೆಗೆ ಹೋಗುವ ಚೀಟಿ ಕನ್ನಡದಲ್ಲಿ ಬೇಕು ಎನ್ನುವ ಮಾಲೀಕರಿದ್ದಾರೆ; ಒಲೆಯ ಮುಂದೆ ನಿಂತಿರುವವರು ಕುಂದಾಪುರ, ಬೈಂದೂರಿನ ಕಡೆಯವರು. ತಿಂಡಿಯ ಹೆಸರುಗಳನ್ನು ಒಮ್ಮೆ ಬರೆದಿಡಲು ಕೆ. ಪಿ. ರಾವ್ ವಿನ್ಯಾಸದ ಕೀಬೋರ್ಡನ್ನೇ ಎಲ್ಲರೂ ಬಯಸುತ್ತಾರೆ. ಆ ವಿನ್ಯಾಸ ರೂಪಿಸಿದ ರಾಯರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು ಎಂಬುದು ಇಲ್ಲಿನ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ಅದರಲ್ಲಿ ಇಡ್ಲಿ ಎಂದು ಬರೆಯಲು ಐ, ಡಬ್ಲ್ಯೂ, ಎಫ್, ಎಲ್, ಮತ್ತೆ ಐ ಒತ್ತಬೇಕು. ಎಫ್ ಎಂದರೆ ಹಲಂತ. ಲಿನಕ್ಸ್‌ನಲ್ಲಿ ಐಬಸ್ ಎಂಬ, ನಮ್ಮ ಭಾಷೆಗಳಲ್ಲಿ ಬರೆಯಲು ನೆರವಾಗುವ ತಂತ್ರಾಂಶದ ಮೂಲಕ ಬರೆಯುವಾಗ ಈ ಐದು ಒತ್ತುಗಳು ಕೀಪ್ರೆಸ್ ಇವೆಂಟ್ ಆಗಿ ಬರಬೇಕೆಂದಿಲ್ಲ. ಐಬಸ್ ಅವನ್ನು ನಡುವೆಯೇ ಹಿಡಿದು, ಅಕ್ಷರ ರೂಪುಗೊಂಡ ಮೇಲೆ ‘ಇನ್‌ಪುಟ್ ಮೆಥಡ್ ಇವೆಂಟ್’ ಎಂಬ ಬೇರೆಯೇ ಬಾಗಿಲಿನಿಂದ ಕಳಿಸುತ್ತದೆ. ಕ್ಯೂಟ್‌ನ ಸಿದ್ಧ ಪೆಟ್ಟಿಗೆಗಳಿಗೆ ಎರಡೂ ಬಾಗಿಲು ಗೊತ್ತು. ಸ್ವಂತ ವಿಜೆಟ್ ಬರೆಯುವವರು ಅದಕ್ಕೆ ಇನ್‌ಪುಟ್ ಮೆಥಡ್ ಒಪ್ಪಿಗೆಯನ್ನು ಸ್ಪಷ್ಟವಾಗಿ ಹಾಕಬೇಕು, ಆ ಇವೆಂಟನ್ನೂ ಬರೆಯಬೇಕು. ಕೀಪ್ರೆಸ್ ಒಂದನ್ನೇ ನಂಬಿ ಬರೆದ ತಂತ್ರಾಂಶದಲ್ಲಿ ಇಂಗ್ಲಿಷ್ ಸಲೀಸು, ಕನ್ನಡ ಮೌನ. ಮಾರುಕಟ್ಟೆಯಲ್ಲಿ ‘ಕನ್ನಡ ಬರುವುದಿಲ್ಲ’ ಎಂದು ಕೈಚೆಲ್ಲುವ ಎಷ್ಟೋ ತಂತ್ರಾಂಶಗಳ ರೋಗ ಇಷ್ಟೇ ಎಂಬುದು ನನ್ನ ಅನುಮಾನ.

ಇನ್ನೊಂದು ಸೂಕ್ಷ್ಮ. ಇಡ್ಲಿ ಎಂದು ಬರೆದು ಕೊನೆಯಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಗುಡಿಸು ಮಾತ್ರ ಹೋಗಿ ‘ಇಡ್ಲ’ ಉಳಿಯುತ್ತದೆ. ಇನ್ನೊಮ್ಮೆ ಒತ್ತಿದರೆ ಲ ಒತ್ತು ಹೋಗುತ್ತದೆ. ಅದೇ ಮುಂದಿನಿಂದ ಡಿಲೀಟ್ ಒತ್ತಿದರೆ ಅಕ್ಷರವನ್ನು ಗುಣಿತದ ಸಮೇತ ಅಳಿಸುತ್ತದೆ. ಬಾಣದ ಕೀಲಿಯೂ ಗುಣಿತದ ನಡುವೆ ಸಿಕ್ಕಿಕೊಳ್ಳದೆ ದಾಟುತ್ತದೆ. ತಿದ್ದುವವನ ಕೈ ಹೇಗೆ ಓಡುತ್ತದೆ ಎಂದು ಯಾರೋ ಕುಳಿತು ಯೋಚಿಸಿದ್ದಾರೆ.

ಕನ್ನಡ ಕೀಬೋರ್ಡ್ ಹಾಕಿಟ್ಟು ಮರೆತರೆ ಮಾತ್ರ ದಿನಸಿ ಅಂಗಡಿಯಲ್ಲಿ ಗಲಿಬಿಲಿ. ಸ್ಕ್ಯಾನರ್ ತಾನು ಅಮೆರಿಕದ ಕೀಬೋರ್ಡ್ ಎಂದುಕೊಂಡೇ ಬಡಿಯುತ್ತದೆ, ಆದ್ದರಿಂದ ಅಕ್ಷರಗಳಿರುವ ಬಾರ್‌ಕೋಡ್ ಕನ್ನಡ ಅಕ್ಷರಗಳಾಗಿ ಮೂಡುತ್ತದೆ. ಕ್ಯೂಟ್ ಕೊಡುವ ‘ಕೀ’ ಎಂಬ ಮೌಲ್ಯ ಕೀಬೋರ್ಡ್ ವಿನ್ಯಾಸವನ್ನು ಅವಲಂಬಿಸಿದ್ದು. ಸ್ಕ್ಯಾನ್ ಕೋಡ್ ಕೇಳಿದರೆ ಕೀಲಿಯ ಜಾಗ ಸಿಗುತ್ತದೆ, ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಅದನ್ನು ನಂಬಬಹುದು. ಜೊತೆಗೆ ಪ್ರತಿ ಇವೆಂಟಿಗೂ ಸಮಯದ ಮುದ್ರೆಯಿದೆ. ಎರಡು ಕೀಲಿಗಳ ನಡುವಿನ ಅಂತರ ಮನುಷ್ಯನ ಬೆರಳಿಗೆ ಅಸಾಧ್ಯವೆನಿಸುವಷ್ಟು ಕಡಿಮೆಯಿದ್ದರೆ ಅದು ಸ್ಕ್ಯಾನರ್ ಎಂದು ತೀರ್ಮಾನಿಸಿ, ಫೋಕಸ್ ಎಲ್ಲೇ ಇದ್ದರೂ ಸಾಮಾನಿನ ಪಟ್ಟಿಗೆ ಸೇರಿಸುತ್ತೇನೆ.

ರೂಪಾಯಿ ಚಿಹ್ನೆಯನ್ನೂ ಗಮನಿಸಿ. ಪವಾಯಿಯ ಐಐಟಿಯಲ್ಲಿ ಓದುತ್ತಿದ್ದ ಉದಯ ಕುಮಾರ್ ರೂಪಿಸಿದ ₹ ಗುರುತನ್ನು ಸರ್ಕಾರ 2010ರಲ್ಲಿ ಒಪ್ಪಿಕೊಂಡಿತು. ವಿಂಡೋಸ್‌ನ ಇಂಗ್ಲಿಷ್ ಇಂಡಿಯಾ ವಿನ್ಯಾಸದಲ್ಲಿ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ಅದು ಬರುತ್ತದೆ. ವಿಂಡೋಸ್ ಬಲ ಆಲ್ಟನ್ನು ಕಂಟ್ರೋಲ್ ಮತ್ತು ಆಲ್ಟ್ ಜೋಡಿಯಾಗಿ ನೋಡುತ್ತದೆ. ಕಂಟ್ರೋಲ್ ಆಲ್ಟ್ 4ಕ್ಕೆ ಶಾರ್ಟ್‌ಕಟ್ ಇಟ್ಟಿದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ. ಆ ಜೋಡಿಯನ್ನು ಶಾರ್ಟ್‌ಕಟ್ಟಿಗೆ ಬಳಸಲೇಬೇಡಿ.

ನನಗೆ ನಿಜಕ್ಕೂ ಕಿರಿಕಿರಿ ಎನಿಸುವುದು ಕ್ಯೂಟ್‌ನ ಮೌನ. ಒಂದೇ ಕಿಟಕಿಯಲ್ಲಿ ಎರಡು ಕಡೆ ಎಫ್8 ಇಟ್ಟಿದ್ದರೆ ಎರಡೂ ಕೆಲಸ ಮಾಡುವುದಿಲ್ಲ. ‘ಆ್ಯಕ್ಟಿವೇಟೆಡ್ ಆ್ಯಂಬಿಗ್ಯುಯಸ್‌ಲಿ’ ಎಂಬ ಬೇರೆ ಸಂಕೇತ ಹೊರಡುತ್ತದೆ, ಕನ್ಸೋಲಿನಲ್ಲಿ, ಅಂದರೆ ತಂತ್ರಾಂಶ ಬರೆಯುವವರು ನೋಡುವ ಪಠ್ಯದ ಪರದೆಯಲ್ಲಿ, ಒಂದು ಎಚ್ಚರಿಕೆ ಬೀಳಬಹುದು. ಗಲ್ಲೆಯ ಯಂತ್ರಕ್ಕೆ ಕನ್ಸೋಲ್ ಎಲ್ಲಿಂದ ಬರಬೇಕು? ಕೂತವರಿಗೆ ಕಾಣುವುದು ಸತ್ತ ಕೀಲಿ ಒಂದೇ. ಆ ಸಂಕೇತಕ್ಕೆ ಬೀಪ್ ಜೋಡಿಸಿಟ್ಟುಕೊಳ್ಳುವುದು ಮೇಲು. ಕೀಪ್ರೆಸ್ ಇವೆಂಟನ್ನು ತಮ್ಮದೇ ರೀತಿಯಲ್ಲಿ ಮತ್ತೆ ಬರೆದವರು ತಮಗೆ ಬೇಡದ ಕೀಲಿಯನ್ನು ಮೂಲ ವರ್ಗಕ್ಕೆ ಒಪ್ಪಿಸದಿದ್ದರೆ ಅದೂ ಸದ್ದಿಲ್ಲದೆ ಸಾಯುತ್ತದೆ. ಎಸ್ಕೇಪ್ ಕೆಲಸ ಮಾಡದ ಕಿಟಕಿಗಳ ಹಿಂದೆ ಬಹುಪಾಲು ಇದೇ ಕಾರಣ. ಬೇರೆ ತಂತ್ರಾಂಶ ಮುಂದಿದ್ದಾಗಲೂ ಕೇಳುವಂಥ ಜಾಗತಿಕ ಹಾಟ್‌ಕೀ ಕ್ಯೂಟ್‌ನಲ್ಲಿ ಇಲ್ಲ. ವಿಂಡೋಸ್‌ನಲ್ಲಿ ಅದರದೇ ಫಂಕ್ಷನ್ ಕರೆಯಬೇಕು. ಮ್ಯಾಕ್‌ನಲ್ಲಿ ಕಂಟ್ರೋಲ್ ಎಂದು ಬರೆದರೆ ಕಮಾಂಡ್ ಕೀಲಿ ಎಂದರ್ಥ, ಆದರೆ ಮಾಟುಂಗದ ಗಲ್ಲೆಯಲ್ಲಿ ನಾನು ಮ್ಯಾಕ್ ಕಂಡಿಲ್ಲ.

ಕೀಬೋರ್ಡಿನ ಗುಣವೂ ಅರ್ಧ ಪಾಲು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೈಗೆ ಸಿಗುವ ಅಗ್ಗದ ರಬ್ಬರ್ ಕೀಬೋರ್ಡು ತಂದಿಟ್ಟು ತಂತ್ರಾಂಶವನ್ನು ಬೈಯಬೇಡಿ. ಟಿವಿಎಸ್ ಗೋಲ್ಡ್‌ನಂಥ ಮೆಕ್ಯಾನಿಕಲ್ ಕೀಬೋರ್ಡಿನ ಟಕ್ ಸದ್ದು ಕೇಳಿದರೆ ಸಾಕು, ಒತ್ತಿತು ಎಂದು ಬೆರಳಿಗೆ ಗೊತ್ತಾಗುತ್ತದೆ.

ಗಲ್ಲೆಯ ಕೆಲಸಕ್ಕೆ ಕ್ಯೂಟ್ 6ಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಆ ಮೌನಕ್ಕೆ ಮತ್ತು ಆಟೋ ಡಿಫಾಲ್ಟ್‌ಗೆ. ಅದರ ಪರೀಕ್ಷಾ ಭಾಗದಲ್ಲಿ ಕೀಲಿ ಒತ್ತಿದಂತೆ ನಟಿಸುವ ಫಂಕ್ಷನ್ನುಗಳಿವೆ, ಎಂಟರ್‌ಗಳ ಲೆಕ್ಕಾಚಾರವನ್ನೆಲ್ಲ ಅವುಗಳಿಂದಲೇ ಪರೀಕ್ಷಿಸಬಹುದು. ಆದರೆ ಅವು ಐಬಸ್ ಮೂಲಕ ಹಾಯುವುದಿಲ್ಲ. ಕನ್ನಡವನ್ನು ಕೈಯಿಂದಲೇ ಬರೆದು ನೋಡಬೇಕು. ಹಣದ ವಿಚಾರಕ್ಕೆ ಬಂದರೆ, ವಿಜೆಟ್ ಭಾಗ ಎಲ್‌ಜಿಪಿಎಲ್ 3 ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಸಿಗುತ್ತದೆ. ಡೈನಾಮಿಕ್ ಲಿಂಕ್ ಮಾಡಿ (ಅಂದರೆ ಕ್ಯೂಟ್ ಲೈಬ್ರರಿಯನ್ನು ಬೇರೆ ಕಡತವಾಗಿಯೇ ಇಟ್ಟು ಜೋಡಿಸಿ), ಪರವಾನಗಿಯ ಪ್ರತಿ ಜೊತೆಗಿಟ್ಟು, ಗಿರಾಕಿ ಬಯಸಿದರೆ ಆ ಲೈಬ್ರರಿಯನ್ನು ಬದಲಿಸಲು ಅಡ್ಡಿ ಮಾಡದಿದ್ದರೆ ಮಾರಾಟಕ್ಕೆ ತೊಂದರೆಯಿಲ್ಲ. ಟಚ್ ಪರದೆ ಬೇಕು ಎನ್ನುವ ಮಾಲೀಕರು ಸಿಕ್ಕರೆ ಮಾತ್ರ ದರ ಹೇಳುವ ಮೊದಲು ನೋಡಿಕೊಳ್ಳಿ: ಕ್ಯೂಟ್‌ನ ವರ್ಚುವಲ್ ಕೀಬೋರ್ಡ್ ಎಲ್‌ಜಿಪಿಎಲ್‌ನಲ್ಲಿ ಬರುವುದಿಲ್ಲ, ಜಿಪಿಎಲ್ 3ಕ್ಕೆ ಒಪ್ಪಬೇಕು, ಇಲ್ಲವೇ ವಾಣಿಜ್ಯ ಪರವಾನಗಿ ಕೊಳ್ಳಬೇಕು.